ಮುಳ್ಳು ಹಚ್ಚಿದ ಹೊಲ

ನಮ್ಮೂರಲ್ಲಿ ಎಲ್ಲೂ ಬರೆದಿಡದ, ಆದರೆ ಎಲ್ಲರೂ ನಡೆಸಿಕೊಂಡು ಬಂದ ಒಂದು ಪದ್ಧತಿ ಇದೆ. ಹಿಂಗಾರಿ ಜೋಳದ ರಾಶಿ ಮುಗಿದು ಕಣಿಕೆಯ, ಅಂದರೆ ಒಣ ದಂಟಿನ, ಕಡೆಯ ಬಂಡಿ ಮನೆ ಸೇರಿತೆಂದರೆ ಆ ಹೊಲ ಊರ ದನಗಳ ಪಾಲು. ಒಡೆಯ ಯಾರೇ ಇರಲಿ, ಮತ್ತೆ ಕುಂಟೆ ಹೊಡೆಯುವ ತನಕ ಯಾರ ಎಮ್ಮೆ ಬೇಕಾದರೂ ಒಳಗೆ ಹೋಗಬಹುದು, ಯಾರ ಆಡು ಬೇಕಾದರೂ ಮೇಯಬಹುದು. ಬೇಡ ಅಂದವರ ಮನೆಯ ಮದುವೆಗೆ ರೊಟ್ಟಿ ಬಡಿಯಲಿಕ್ಕೂ ಯಾರೂ ಬರುವುದಿಲ್ಲ.

ಆ ಪದ್ಧತಿಯೇ ನನ್ನ ಅಕ್ಕನ ಎಮ್ಮೆಯನ್ನು ಕೊಂದಿತು. ಹೀಗೆಂದರೆ ಊರವರಿಗೆ ಸಿಟ್ಟು ಬರುತ್ತದೆ. ಬರಲಿ, ನನಗೇನು.

ನಾವಿಬ್ಬರೂ ಚಿಂಚೋಳಿ ಕಡೆಯವರು, ಐನಾಪುರದಲ್ಲಿ ಹುಟ್ಟಿದವರು. ಇಬ್ಬರನ್ನೂ ಕಾಳಗಿ ಹತ್ತಿರದ ಈ ಒಂದೇ ಊರಿಗೆ ಬೇರೆ ಬೇರೆ ಮನೆಗೆ ಕೊಟ್ಟರು. ಅಕ್ಕನ ಗಂಡ ಶಹಾಬಾದ ಕಡೆ ಕಲ್ಲಿನ ಗಣಿಗೆ ದುಡಿಯಲಿಕ್ಕೆ ಹೋಗುವವನು, ವಾರಕ್ಕೊಮ್ಮೆ ಮನೆಗೆ ಬರುವವನು. ಹೊಲ, ಮನೆ, ಎಮ್ಮೆ ಎಲ್ಲ ಅಕ್ಕನ ಮೇಲೆ. ಅವಳ ಹೊಲದಲ್ಲಿ ಬರೀ ತೊಗರಿ. ತೊಗರಿಯಿಂದ ದನಕ್ಕೆ ಸಿಗುವುದು ಒಣ ಹೊಟ್ಟು ಮಾತ್ರ. ನಮ್ಮದು ಜೋಳದ ಹೊಲ. ಹಿತ್ತಲಲ್ಲಿ ಫರಸಿ ಕಲ್ಲು ಹಾಸಿ ಅದರ ಮೇಲೆ ಬಣವೆ ಒಟ್ಟುತ್ತಿದ್ದೆವು. ಅಕ್ಕ ದಿನಾ ಬೆಳಗ್ಗೆ ಬಂದು ಒಂದು ಸಿವುಡು ಕಣಿಕೆ ತಲೆ ಮೇಲೆ ಹೊತ್ತುಕೊಂಡು ಹೋಗುವಳು. ಕೇಳುತ್ತಿರಲಿಲ್ಲ, ನಾನೂ ಕೇಳಲೆಂದು ಕಾಯುತ್ತಿರಲಿಲ್ಲ.

ಆ ಎಮ್ಮೆ ಅವಳ ಜೀವ. ಅದರ ತಾಯಿ ಈದ ಮೂರನೆಯ ದಿನವೇ ಸತ್ತಾಗ ಬಟ್ಟೆ ಅದ್ದಿ ಅದ್ದಿ ಹಾಲು ಕುಡಿಸಿ ಸಾಕಿದ್ದಳು. ಬೆಳೆದ ಮೇಲೆ ಅದು ವರ್ಷಗಟ್ಟಲೆ ಗಬ್ಬ ಕಟ್ಟಲಿಲ್ಲ. ಮಾರಿಬಿಡು ಎಂದು ಗಂಡ ಹೇಳಿದ, ಸಂತೆಯವರು ಹೇಳಿದರು, ನಾನೂ ಹೇಳಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೆ ಆ ಬೇಸಿಗೆ ಅದು ತುಂಬಿದ ಗಬ್ಬವಾಗಿ ನಿಂತಿತ್ತು. ನೋಡಿದವರಿಗೆಲ್ಲ ಅದರ ಬೆನ್ನು ಸವರಿ ತೋರಿಸುವಳು. "ನೋಡ್ರಿ, ಮಾರು ಮಾರು ಅಂದವರೆಲ್ಲ ನೋಡ್ರಿ" ಅನ್ನುವಳು.

ಆ ವರ್ಷವೇ ನಮ್ಮ ಬಣವೆ ಕೆಟ್ಟಿತು. ರಾಶಿಯ ಹೊತ್ತಿಗೆ ಹೊತ್ತಲ್ಲದ ಹೊತ್ತಿನ ಮಳೆ ಬಿದ್ದು ಕಣಿಕೆ ತೊಯ್ದಿತ್ತು. ಒಟ್ಟಿದ ಮೇಲೆ ಒಳಗೊಳಗೇ ಬೂಷ್ಟು ಹಿಡಿಯಿತು. ಕಿತ್ತರೆ ಕರಿ ಪುಡಿ, ಮೂಗಿಗೆ ಬಡಿಯುವ ಕಮಟು ವಾಸನೆ. ಗಬ್ಬದ ಎಮ್ಮೆಗೆ ಅದನ್ನು ಹಾಕುವ ಹಾಗಿರಲಿಲ್ಲ. ಮೇಲಿನ ಒಳ್ಳೆಯ ಕಣಿಕೆ ನಮ್ಮ ಎತ್ತುಗಳಿಗೇ ಸಾಲದಾಯಿತು. ಅಕ್ಕ ಬರಿಗೈಲಿ ಮನೆಗೆ ಹೋಗತೊಡಗಿದಳು. ಎಮ್ಮೆ ಹೊಟ್ಟು ಮೂಸಿ ಮುಖ ತಿರುವುತ್ತಿತ್ತು.

ಅದೇ ಮಳೆ ಇನ್ನೊಂದು ಕೆಲಸ ಮಾಡಿತ್ತು. ಮೊದಲೆಲ್ಲ ಜೋಳವನ್ನು ಬೇರುಸಹಿತ ಕೀಳುತ್ತಿದ್ದೆವು. ಈಗ ಕೀಳಲಿಕ್ಕೆ ಆಳು ಎಲ್ಲಿ? ಮಷೀನು ಬಂದು ಕೊಯ್ದು, ನೆಲದಲ್ಲಿ ಕೂಳೆ ಬಿಟ್ಟು ಹೋಗುತ್ತದೆ. ಆ ಕೂಳೆಗೆ ನೀರು ತಾಗಿ ಹೊಲದ ತುಂಬ ಗೇಣುದ್ದದ ಕುಡಿ ಒಡೆಯಿತು. ಆಮೇಲೆ ಮಳೆ ಮುಖ ತೋರಿಸಲಿಲ್ಲ. ಬಿಸಿಲು ಏರಿತು, ಕುಡಿ ಬೆಳೆಯದೆ ಅಲ್ಲೇ ಮುರುಟಿ ನಿಂತಿತು. ಸುತ್ತ ಎಲ್ಲಿ ನೋಡಿದರೂ ತೊಗರಿ, ಕಡಲೆ ತೆಗೆದ ಕರಿ ನೆಲ, ನಮ್ಮದೊಂದೇ ಹಸಿರು. ಬಾಡಿದ ಎಳೆ ಜೋಳದಷ್ಟು ಕೆಟ್ಟ ವಿಷ ದನಕ್ಕೆ ಇನ್ನೊಂದಿಲ್ಲ. ನನ್ನ ಗಂಡ ಜಾಲಿ ಮುಳ್ಳು ಕಡಿದು ತಂದು, ದನ ಒಳಗೆ ಹೋಗದಂತೆ ಹೊಲದ ಬಾಯಿಗೆ ಅಡ್ಡ ಹಚ್ಚಿದ.

ಊರು ಗುಸುಗುಸು ಶುರುಮಾಡಿತು. ಅದಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷವೂ ಹೀಗೇ ಕುಡಿ ಒಡೆದಿತ್ತು, ವಿಷ ಎಂದು ಹೇಳಿ ಹೀಗೇ ಮುಳ್ಳು ಹಚ್ಚಿದ್ದೆವು. ಆದರೆ ಆಗ ಮಳೆ ಬಿಡದೆ ಬಂದು ಕುಡಿ ಎದೆಮಟ್ಟ ಬೆಳೆದು ತೆನೆ ಬಿಟ್ಟಿತ್ತು. ತೆನೆ ಬಿಟ್ಟ ಮೇಲೆ ಅದು ಒಳ್ಳೆಯ ಮೇವು. ಕೊಯ್ದು ನಮ್ಮ ಎತ್ತಿಗೆ ಹಾಕಿದೆವು, ಒಂದೆರಡು ಹೊರೆ ಅಕ್ಕನಿಗೂ ಕೊಟ್ಟೆವು. ಊರಿಗೆ ಕಂಡದ್ದು ಇಷ್ಟೇ: ವಿಷ ಅಂದವರು ತಾವೇ ಕೊಯ್ದುಕೊಂಡರು.

ಅಕ್ಕ ನಮ್ಮ ಕಟ್ಟೆಯ ಮೇಲೆ ಕುಳಿತು ಮಾತಿಗೆ ಶುರುವಿಟ್ಟಳು.

"ಮುಳ್ಳ ತಗಿ ತಂಗಿ. ಎಮ್ಮಿ ಹಸರ ಕಂಡು ದಿನಾ ಒದರ್ಲಿಕತ್ತದ."

"ಅದು ಮೇವಲ್ಲ ಅಕ್ಕಾ, ವಿಷ. ಬಿಸಲಿಗಿ ಬಾಡಿದ ಕುಡಿ. ತಿಂದ್ರ ನಿಂತಲ್ಲೇ ಬೀಳ್ತದ."

"ಹೋದ ವರ್ಷ ನಿಮ್ಮ ಎತ್ತು ತಿಂದಾವಲ್ಲ? ಬಿದ್ದಾವೇನು?"

"ಆವಾಗ ತೆನಿ ಬಿಟ್ಟಿತ್ತು. ಬೆಳದ ಮ್ಯಾಲ ವಿಷ ಇಳೀತದ."

"ಅದ್ಯಾವ ವಿಷನವ್ವಾ, ನಿಮ್ಮ ಎತ್ತು ಬರೂದು ನೋಡಿ ತಾನಾ ಇಳಿಯೂದು?" ಎಂದು ನಕ್ಕಳು. ಆ ನಗೆಯಲ್ಲಿ ನಗು ಇರಲಿಲ್ಲ.

ನನಗೆ ರೇಗಿತು. "ನಂಬದಿದ್ರ ಬಿಡು. ಆದ್ರ ಎಮ್ಮಿ ಮಾತ್ರ ಬಿಡಬ್ಯಾಡ" ಅಂದೆ. ಅವಳು ಸೆರಗು ಕೊಡವಿ ಎದ್ದು ಹೋದಳು. ಮರುದಿನವೂ ಹೇಳಿದೆ, ಅದರ ಮರುದಿನ ನೀರಿನ ಟಾಕಿಯ ಹತ್ತಿರ ನಾಲ್ಕು ಹೆಂಗಸರ ಮುಂದೆಯೂ ಹೇಳಿದೆ. ಅವರ ಮುಂದೆ ಹೇಳಿದ್ದು ಅವಳಿಗೆ ಅವಮಾನವಾಯಿತೇನೋ, ಕೊಡ ಅರ್ಧ ತುಂಬಿಸಿಕೊಂಡು ಹೊರಟುಬಿಟ್ಟಳು.

ಅದಾಗಿ ಕೆಲವು ದಿನಕ್ಕೆ, ನಾನು ಮಧ್ಯಾಹ್ನದ ರೊಟ್ಟಿ ಬಡಿಯುತ್ತಿದ್ದಾಗ ಹೊಲದ ಕಡೆಯಿಂದ ಕೂಗು ಬಂತು. ಅಕ್ಕನ ದನಿ. ಹೆಂಚಿನ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು ಓಡಿದೆ. ಹೊಲದ ಬಾಯಲ್ಲಿ ಮುಳ್ಳು ಪಕ್ಕಕ್ಕೆ ಸರಿದಿತ್ತು. ಒಳಗೆ ಎಮ್ಮೆ ಕಾಲು ಅಗಲಿಸಿ ನಿಂತು ತೂರಾಡುತ್ತಿತ್ತು. ಬಾಯಿಂದ ನೊರೆ, ತೆರೆದ ಮೂಗಿನ ಹೊಳ್ಳೆ. ಅಕ್ಕ ಅದರ ಕೊರಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದಳು, ತಾನು ಹಿಡಿದರೆ ಬೀಳುವುದಿಲ್ಲ ಎಂಬ ಹಾಗೆ.

"ತಂಗಿ, ಬೆಲ್ಲದ ನೀರು! ಲಗೂನ ಬೆಲ್ಲದ ನೀರು!"

ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ಕೊಡಕ್ಕೆ ಹಾಕಿ ಕಲಸಿ ತಂದೆ. ಅಷ್ಟರಲ್ಲಿ ಎಮ್ಮೆ ನೆಲ ಹಿಡಿದಿತ್ತು. ಕುಡಿಸಲು ನೋಡಿದರೆ ನುಂಗಲಿಲ್ಲ, ಬೆಲ್ಲದ ನೀರೆಲ್ಲ ಕಟವಾಯಿಯಿಂದ ಮಣ್ಣಿಗೆ ಹೋಯಿತು. ನನ್ನ ಗಂಡ ದನದ ಡಾಕ್ಟರಿಗೆ ಫೋನು ಮಾಡಿದ. ಅವರು ಇಂಜೆಕ್ಷನ್ ತಗೊಂಡು ಹೊರಟೇ ಬಿಟ್ಟೆ ಅಂದರು. ಹೊರಟದ್ದು ನಿಜ. ಆದರೆ ಅವರ ಗಾಡಿ ಊರು ಮುಟ್ಟುವುದರೊಳಗೆ ಎಮ್ಮೆ ನಾಲ್ಕೂ ಕಾಲು ಎಳೆದು, ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟು ಸುಮ್ಮನಾಯಿತು.

ಅದು ಸುಮ್ಮನಾದರೂ ಹೊಟ್ಟೆ ಸುಮ್ಮನಾಗಲಿಲ್ಲ. ಒಳಗೆ ಕರು ಒದೆಯುತ್ತಿತ್ತು. ಅಕ್ಕ ನನ್ನ ಕೈ ಹಿಡಿದೆಳೆದು ಅಲ್ಲಿ ಇಟ್ಟಳು. "ನೋಡ, ಜೀವ ಅದ. ಇನ್ನೂ ಅದ." ಕೊಯ್ದು ತೆಗೆಯಬಹುದೇ ಎಂದು ಗಂಡ ಫೋನಿನಲ್ಲಿ ಕೇಳಿದ. ತಾಯಿಯ ರಕ್ತದಲ್ಲಿ ಇದ್ದದ್ದು ಕರುವಿನ ರಕ್ತದಲ್ಲೂ ಇರುತ್ತದೆ, ಉಳಿಯಲಾರದು ಎಂದರು ಡಾಕ್ಟರು. ನಾವಿಬ್ಬರೂ ಕೈ ತೆಗೆಯಲಿಲ್ಲ. ಒದೆತ ಮೆತ್ತಗಾಯಿತು, ಆಮೇಲೆ ಬಿಟ್ಟು ಬಿಟ್ಟು ಬಂತು, ಆಮೇಲೆ ಬರಲಿಲ್ಲ. ನನ್ನ ಅಂಗೈ ಇನ್ನೂ ಅದನ್ನು ಮರೆತಿಲ್ಲ.

ಸಂಜೆ ಅದೇ ಹೊಲದ ಮೂಲೆಯಲ್ಲಿ ಜೆಸಿಬಿ ತೆಗ್ಗು ತೋಡಿತು. ಊರು ನೆರೆದಿತ್ತು. ಒಬ್ಬ ಹಿರಿಯ ಎಲ್ಲರಿಗೂ ಕೇಳುವ ಹಾಗೆ ಅಂದ: "ಮುಳ್ಳ ಹಚ್ಚಿ ಆಕಿಗಿ ಸಿಟ್ಟ ಬರ್ಸಿದ್ರಿ. ಇಲ್ಲದಿದ್ರ ಆಕಿ ಯಾಕ ಬಿಡ್ತಿದ್ಳು?" ನಾನು ಬಾಯಿಗೆ ಬಂದದ್ದು ಬಯ್ದೆ. ವಯಸ್ಸು ನೋಡಲಿಲ್ಲ. ಅಕ್ಕ ನನ್ನ ರಟ್ಟೆ ಹಿಡಿದು ಆಚೆಗೆ ಕರೆದೊಯ್ದಳು.

"ಅಂವಗ ಬೈಬ್ಯಾಡ" ಅಂದಳು. "ಮುಳ್ಳ ಸರಸೂವಾಗ ನಿನ್ನ ಮಾತು ನೆನಪಿತ್ತು ನನಗ. ಮರತು ಬಿಟ್ಟಿಲ್ಲ. ಮೇಯಿಸಿ, ತಿರುಗಿ ಹೊಡಕೊಂಡು ಬಂದು, ಟಾಕಿ ಮುಂದ ನಿಂತು ಊರಿಗೆಲ್ಲ ತೋರ್ಸಬೇಕಂತ ಇದ್ದೆ. ನೋಡ್ರಿ, ನನ್ನ ತಂಗಿ ಸುಳ್ಳಿ ಅಂತ."

ನನಗೆ ಅಳು ಬಂತು, ಅಳುವಿನಷ್ಟೇ ಸಿಟ್ಟೂ ಬಂತು. ಅವಳನ್ನು ತಬ್ಬಿಕೊಳ್ಳಲಿಲ್ಲ. ತೆಗ್ಗು ಮುಚ್ಚುವ ತನಕ ಪಕ್ಕದಲ್ಲಿ ನಿಂತಿದ್ದೆ.

ಅವಳು ಮತ್ತೆ ದನ ಕಟ್ಟಲಿಲ್ಲ. ಕೊಟ್ಟಿಗೆಯಲ್ಲಿ ಈಗ ತೊಗರಿ ಕಟ್ಟಿಗೆ ತುಂಬಿದ್ದಾಳೆ. ನಾವೂ ಕಷ್ಟಪಟ್ಟು ಆಳು ಹುಡುಕಿ ಜೋಳ ಕೀಳಿಸಲು ನೋಡುತ್ತೇವೆ, ಪ್ರತಿ ವರ್ಷ ಆಗುವುದಿಲ್ಲ. ಈ ಬೇಸಿಗೆಯಲ್ಲಿ ಮತ್ತೆ ಅಂಥದೇ ಮಳೆಯಾಯಿತು, ಮತ್ತೆ ಕುಡಿ ಒಡೆಯಿತು. ಗಂಡ ಕೊಡಲಿ ತಗೊಂಡು ಮುಳ್ಳು ಕಡಿಯಲು ಹೊರಟ, ಬುತ್ತಿ ಹಿಡಿದು ನಾನೂ ಹಿಂದೆ ಹೋದೆ. ನಾವು ಹೋಗುವ ಮೊದಲೇ ಅಕ್ಕ ಹೊಲದ ಬಾಯಿಗೆ ಅಡ್ಡ ಕುಳಿತಿದ್ದಳು, ಕೈಯಲ್ಲೊಂದು ಕೋಲು. ಎದುರಿಗೆ ಎಮ್ಮೆ ಹೊಡೆದುಕೊಂಡು ಬಂದ ಹೆಂಗಸೊಬ್ಬಳು ಜಗಳಕ್ಕೆ ನಿಂತಿದ್ದಳು.

"ರಾಶಿ ಮುಗದ ಹೊಲ ಇದು, ಬ್ಯಾಡ ಅನ್ಲಿಕ್ಕಿ ನೀ ಯಾರು? ಹೊಲ ನಿಂದೇನು? ಕೊಯ್ದು ಹಾಕ್ಲಿಕ್ಕಿ ಕೊಟ್ಟಿಗ್ಯಾಗ ನಿಂದೇನರ ದನ ಅದಾವೇನು?"

"ಎರಡೂ ಇಲ್ಲ" ಅಂದಳು ಅಕ್ಕ. "ಅದಕ್ಕ ಕುಂತೀನಿ."