ಬಿಸಿಲಿಗೆ ಒಣಗಿದ ಒಳ ಅರಿವೆ

ಮಸ್ಕಿಯಲ್ಲಿ ಖಡಕ್ ರೊಟ್ಟಿ ಎಂದರೆ ಶಿವಕುಮಾರಿಯ ರೊಟ್ಟಿ. ಮನೆಯ ಪಡಸಾಲೆಯಲ್ಲೇ ಒಲೆ ಹೂಡಿ, ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ತಟ್ಟುತ್ತಾಳೆ. ಸಿಂಧನೂರಿನ ಖಾನಾವಳಿಗಳಿಗೆ ತಾನೇ ಬಸ್ಸಿನಲ್ಲಿ ಒಯ್ದು ಕೊಟ್ಟು ಬರುತ್ತಾಳೆ. ರೊಟ್ಟಿ ಬುಟ್ಟಿಗೆ ಲಗೇಜು ಟಿಕೀಟು ತೆಗೆಸು ಎಂದ ಕಂಡಕ್ಟರನಿಗೆ, "ಬುಟ್ಟಿ ನನ್ನ ತೊಡಿ ಮ್ಯಾಲ ಕುಂತೈತಿ, ನಿನ್ನ ಸೀಟಿನ ಮ್ಯಾಲ ಅಲ್ಲ, ನಡಿಯಪ್ಪ" ಎಂದು ಹೇಳಿ ಕಳಿಸುವ ಹೆಂಗಸು. ಅಂಥವಳೂ ಒಂದು ವಿಷಯಕ್ಕೆ ವರ್ಷಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಒಳಗೆ ತೊಡುವ ಅರಿವೆಯ ವಿಷಯಕ್ಕೆ.

ಆ ಬಾಯಿ ಬಿಡಿಸಿದವಳು ಮಗಳು ಭಾಗ್ಯಶ್ರೀ.

ಭಾಗ್ಯಶ್ರೀ ಏಳನೆಯ ಇಯತ್ತೆ ಮುಗಿಸಿದ್ದಳು. ಖೋಖೋ ಆಡಲು ನಿಂತರೆ ಗಂಡುಹುಡುಗರೂ ಅವಳನ್ನು ಮುಟ್ಟಲಾರರು. ಬೇಸಿಗೆ ರಜೆಗೆ ಲಿಂಗಸುಗೂರಿನಲ್ಲಿ ಆಟದ ಶಿಬಿರ, ಹಾಸ್ಟೆಲಿನಲ್ಲಿ ವಸ್ತಿ, ಅಲ್ಲಿಂದಲೇ ಮುಂದಿನ ತಂಡಕ್ಕೆ ಹುಡುಗಿಯರನ್ನು ಆರಿಸುವುದು. ಹೆಸರು ಬಂದಿದೆ ಎಂದು ಮಾಸ್ತರರು ಮನೆಗೇ ಬಂದು ಹೇಳಿ ಹೋದರು. ಹುಡುಗಿ ಮಾತ್ರ ಮುಖ ಗಂಟು ಹಾಕಿಕೊಂಡು, "ನಾ ಒಲ್ಲೆ" ಎಂದುಬಿಟ್ಟಳು.

ತಲೆಗೆ ಎಣ್ಣೆ ಹಚ್ಚುವಾಗ ಶಿವಕುಮಾರಿ ಮೆಲ್ಲಗೆ ಕೇಳಿದಳು.

"ಯಾಕ ಬೇ? ಯಾರರ ಏನರ ಅಂದಾರೇನು?"

"ಇಲ್ಲಬೇ ಯವ್ವ. ಹೋದ ಸಲ ಸಾಲಿ ಟ್ರಿಪ್ಪಿಗೆ ಹೋದಾಗ ಚಡ್ಡಿ ಹಸಿ ಇದ್ವು. ಹಂಗs ಹಾಕ್ಕೊಂಡೆ. ಇಲಾಸ್ಟಿಕ್ ಕಚ್ಚಿ ಸೊಂಟದ ಸುತ್ತ ಗುಳ್ಳಿ ಎದ್ದಿದ್ವು. ನಡಿಯಾಕs ಬರಲಿಲ್ಲ, ಖೋಖೋ ಹೆಂಗ ಆಡ್ಲಿ?"

ಶಿವಕುಮಾರಿಯ ಕೈ ಅಲ್ಲೇ ನಿಂತಿತು. ಅವಳ ತವರು ಮುದಗಲ್ಲು. ಇದೇ ವಯಸ್ಸಿನಲ್ಲಿ ಅವಳೂ ಸಾಲೆಯವರ ಶಿಬಿರಕ್ಕೆ ಹೋಗಿದ್ದಳು. ಚೀಲದಲ್ಲಿ ಎರಡೇ ಇದ್ದವು, ಅವೂ ನೈಲಾನಿನವು. ತೊಳೆದು ಟವೆಲಿನ ಅಡಿಯಲ್ಲಿ ಬಚ್ಚಿಟ್ಟು ಒಣಹಾಕಿದರೆ ಮರುದಿನಕ್ಕೂ ಹಸಿ. ಮೈಯೆಲ್ಲ ಉರಿ ಎದ್ದು, ಯಾರಿಗೂ ಹೇಳಲಾಗದೆ, ಹೊಟ್ಟೆನೋವು ಎಂದು ಅತ್ತು ಮನೆಗೆ ಮರಳಿದ್ದಳು. "ಹೆಣ್ಣುಹುಡುಗಿ ಮನಿ ಬಿಟ್ಟು ಇರಂಗಿಲ್ಲ" ಎಂದು ಅಪ್ಪ ಅಂದೇ ತೀರ್ಮಾನ ಮಾಡಿದ. ಮುಂದೆ ಯಾವ ಊರಿಗೂ ಕಳಿಸಲಿಲ್ಲ. ಒಂದು ತುಂಡು ಹಸಿ ಅರಿವೆಗೆ ಅವಳ ಹೊರಗಿನ ಓಡಾಟವೆಲ್ಲ ಮುಗಿದಿತ್ತು.

ಗಂಡ ಸಂಗನಬಸವ ಗೊಬ್ಬರದ ಅಂಗಡಿಯವನು, ಕೆಟ್ಟವನಲ್ಲ. ಆದರೆ ಅವನೂ ಅದೇ ಮಾತಾಡಿದ. "ಹೋಗ್ಲಿ. ಆದ್ರ ನಡುವs ಅಳಕೋತ ಬಂದ್ಲು ಅಂದ್ರ ಮುಂದ ನನ್ನ ಕೇಳಬ್ಯಾಡ್ರಿ."

"ಬರಂಗಿಲ್ಲ ತಗೋರಿ" ಎಂದಳು ಶಿವಕುಮಾರಿ.

ರೊಟ್ಟಿ ಕೊಡಲು ಸಿಂಧನೂರಿಗೆ ಹೋದವಳು ಸೀದಾ ದಾದೇಸಾಬನ ಬಟ್ಟೆ ಅಂಗಡಿಗೆ ನಡೆದಳು. ಅಲ್ಲಿ ಒಂದು ಪದ್ಧತಿ. ಹೆಂಗಸರು ಮೂಲೆಗೆ ನಿಂತು, "ಹುಡುಗಿಗೆ ಬೇಕಾಗಿತ್ರಿ" ಎನ್ನುತ್ತಾರೆ. ಏನು ಎಂದು ಇವರು ಹೇಳುವುದಿಲ್ಲ, ಅವನೂ ಕೇಳುವುದಿಲ್ಲ. ಅಂದಾಜಿನ ಮೇಲೆ ಒಂದು ಪೊಟ್ಟಣ ತೆಗೆದು, ಪೇಪರು ಸುತ್ತಿ, ಕರಿ ಚೀಲಕ್ಕೆ ಹಾಕಿ, ಮುಖ ಅತ್ತ ತಿರುಗಿಸಿ ಕೊಡುತ್ತಾನೆ. ಮನೆಗೆ ಬಂದು ನೋಡಿದರೆ ಒಂದೋ ಬಿಗಿ, ಇಲ್ಲವೇ ಜೋಳದ ಚೀಲ.

"ದಾದೇಸಾಬ್ರ, ನಮ್ಮ ಹುಡುಗಿಗೆ ಚಡ್ಡಿ ಬೇಕ್ರಿ. ಹತ್ತಿ ಅರಿವೀವು. ಬೆವರು ಹೀರಬೇಕು, ಸೊಂಟ ಕಚ್ಚಬಾರ್ದು" ಎಂದು ಶಿವಕುಮಾರಿ ರೊಟ್ಟಿಯ ರೇಟು ಹೇಳಿದಷ್ಟೇ ಗಟ್ಟಿಯಾಗಿ ಹೇಳಿದಳು.

ದಾದೇಸಾಬ ಫ್ಯಾನು ನೋಡಿದ, ಬಾಗಿಲು ನೋಡಿದ, ಕರಿ ಚೀಲ ಮುಂದಿಟ್ಟ. ಶಿವಕುಮಾರಿ ಅಲ್ಲೇ ಪೇಪರು ಬಿಚ್ಚಿದಳು.

"ಅಕ್ಕಾರ, ಅದನ್ನ ಮನ್ಯಾಗ ನೋಡ್ರಲ್ಲ!"

"ಮನ್ಯಾಗ ನೋಡಿ ಒಲ್ಲೆ ಅಂದ್ರ ವಾಪಸ್ ತಗೊಂತೀರೇನು?"

"ಒಳ ಅರಿವಿ ವಾಪಸ್ ಇಲ್ರಿ."

"ಅದಕ್ಕs ಇಲ್ಲೇ ನೋಡಾಕತ್ತೀನಿ. ಇದು ಬ್ಯಾಡ, ಹೊಳಿತೈತಿ, ನೈಲಾನಿಂದು. ಇಲಾಸ್ಟಿಕ್ ಮ್ಯಾಲ ಅರಿವಿ ಹೊಲಿದಿರ್ತಾರಲ್ಲ, ಅಂಥವು ತೆಗೀರಿ."

ಮೂಲೆಯಲ್ಲಿ ನಿಂತಿದ್ದ ಇನ್ನೊಬ್ಬ ಹೆಂಗಸು ಸೆರಗು ಬಾಯಿಗೆ ಇಟ್ಟು ನಕ್ಕಳು. ನಕ್ಕವಳೇ ಹತ್ತಿರ ಸರಿದು ಬಂದು, "ನಮ್ಮ ಹುಡುಗಿಗೂ ಅವನ್ನs ತೋರಿಸ್ರಿ" ಎಂದಳು.

ಮನೆಯಲ್ಲಿ ಅತ್ತೆ ಕಸ್ತೂರೆಮ್ಮ ಒಂದನ್ನು ಎತ್ತಿ ಹಿಡಿದು ನೋಡಿದಳು. "ಬೆಳಿಯೋ ಹುಡುಗಿಗೆ ಒಂದು ಸೈಜು ದೊಡ್ಡವು ತರಬೇಕಿಲ್ಲ?"

"ಅತ್ತಿ, ಶಿಬಿರ ಹತ್ತು ದಿನ. ಹತ್ತು ದಿನದಾಗ ಎಷ್ಟು ಬೆಳೀತಾಳ್ರಿ?"

ಹೊಸ ಅರಿವೆಯ ಗಂಜಿ ಹೋಗಲೆಂದು ಶಿವಕುಮಾರಿ ಅವನ್ನು ಎರಡು ಸಲ ತೊಳೆದು ಮಾಳಿಗೆಯ ಮೇಲೆ ಹಾಕಿ ಬಂದಳು. ಒಲೆಯ ಮುಂದಿನಿಂದ ಎದ್ದು ಮತ್ತೆ ನೋಡಿದರೆ ಎಲ್ಲದರ ಮೇಲೂ ಅತ್ತೆಯ ಹಸಿರು ಸೀರೆ ಮುಚ್ಚಿಕೊಂಡಿತ್ತು. ಸೀರೆ ತೆಗೆದಳು. ಕಸ್ತೂರೆಮ್ಮ ಮೆಟ್ಟಿಲ ಮೇಲೆ ನಿಂತು ಕೂಗಿದಳು.

"ಬೀದ್ಯಾಗ ಹೋಗೋರ ಕಣ್ಣಿಗೆ ಬೀಳ್ತಾವಲ್ಲಬೇ!"

"ಮಾವನೋರ ಪಟ್ಟಾಪಟ್ಟಿ ಚಡ್ಡಿ ಇಷ್ಟು ವರ್ಷ ಬೀದಿ ನೋಡಿಕೋತ ಒಣಗ್ಯಾವಲ್ರಿ ಅತ್ತಿ. ಅದನ್ನ ನೋಡಿ ಯಾರರ ಎಚ್ಚರ ತಪ್ಪಿ ಬಿದ್ರೇನು?"

ಕಸ್ತೂರೆಮ್ಮ ಬಯ್ಯಲು ಬಾಯಿ ತೆರೆದಳು, ನಗು ಬಂದುಬಿಟ್ಟಿತು. "ಬಾಯಿ ಐತಿ ನಿನಗ" ಎಂದು ಸೀರೆ ಹೆಗಲಿಗೆ ಹಾಕಿಕೊಂಡು ಇಳಿದು ಹೋದಳು.

ಚೀಲದಲ್ಲಿ ದಿನಕ್ಕೊಂದು, ಮೇಲೆ ನಾಲ್ಕು ಹೆಚ್ಚು. ತೆಳ್ಳಗಿನ ಹತ್ತಿಯ ಬನಿಯನ್ನುಗಳು, ಒಂದು ಸಾಬೂನು. "ಹಸೀದು ತೊಡಬ್ಯಾಡ. ತೊಳಿ, ಬಿಸಿಲಿಗೆ ಹಾಕು. ನಾಚಿಕಿ ಬಂದ್ರ ನಮ್ಮವ್ವ ಹೇಳ್ಯಾಳ ಅನ್ನು" ಎಂದು ಹೇಳಿ ಬಸ್ಸು ಹತ್ತಿಸಿದಳು.

ನಾಲ್ಕನೆಯ ದಿನ ಸಂಜೆ ಟೀಚರ ಫೋನಿನಿಂದ ಭಾಗ್ಯಶ್ರೀಯ ದನಿ ಬಂತು. "ಯವ್ವ, ನಾಳೆ ನೀ ಬಾ." ಹಿಂದೆ ಗಂಡುಹುಡುಗರ ಗದ್ದಲ. ಏನು, ಎತ್ತ ಎನ್ನುವುದರೊಳಗೆ ಫೋನು ಕಟ್ಟಾಯಿತು.

"ನಾ ಹೇಳಿದ್ದಿಲ್ಲ?" ಎಂದ ಸಂಗನಬಸವ.

"ಕರಕೊಂಡು ಹೋಗು ಅಂದಿಲ್ಲ ಆಕಿ, ಬಾ ಅಂದಾಳ" ಎಂದಳೇನೋ ಶಿವಕುಮಾರಿ. ಆದರೆ ಬೆಳಗಿನ ಬಸ್ಸಿನಲ್ಲಿ ಕುಳಿತಾಗ ಮುದಗಲ್ಲಿಗೆ ಅಳುತ್ತ ಮರಳಿದ ಹುಡುಗಿಯೇ ಪಕ್ಕದ ಸೀಟಿನಲ್ಲಿ ಕುಳಿತಂತಿತ್ತು.

ಹಾಸ್ಟೆಲಿನ ಬಾಗಿಲಲ್ಲೇ ಭಾಗ್ಯಶ್ರೀ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಕೋಣೆಯ ತುಂಬ ಟವೆಲುಗಳು, ಪ್ರತಿ ಟವೆಲಿನ ಅಡಿಯಲ್ಲೂ ತೊಟ್ಟಿಕ್ಕುವ ಒಳ ಅರಿವೆ. ಕಮಟು ವಾಸನೆ.

"ನಾ ಹೊರಗ ಹಾಕಿದ್ದೆ. ಟೀಚರ್ ತೆಗಿಸಿದ್ರು. ಬೆವರಿಗೆ ದಿನಕ್ಕ ಮೂರು ಸಲ ಬದಲಿಸಬೇಕು, ನನ್ನವು ಒಣಗಿದ್ದು ಇನ್ನೊಂದs ಉಳದೈತಿ. ಇಬ್ಬರು ಹುಡುಗ್ಯಾರು ಮೈ ಉರಿ ಅಂತ ಊರಿಗೇ ಹೋದ್ರು. ಫೋನಿನ್ಯಾಗ ಹುಡುಗರ ಮುಂದ ಹೆಂಗ ಹೇಳಲಿ? ನೀ ಟೀಚರಿಗೆ ಹೇಳಬೇ."

ಭಾರತಿ ಟೀಚರು ಇನ್ನೂ ಎಳೆ ವಯಸ್ಸಿನವಳು. ಸಂಕೋಚದಿಂದಲೇ ಹೇಳಿದಳು, "ಮುಂದs ರೋಡ್ ಐತ್ರಿ ಅಮ್ಮಾರ. ಗಂಡುಹುಡುಗರ ಕ್ಯಾಂಪೂ ಇಲ್ಲೇ ಐತಿ. ನಾಳೆ ಯಾರರ ಏನರ ಅಂದ್ರ ನನ್ನ ಮ್ಯಾಲ ಬರ್ತೈತ್ರಿ."

"ಖರೆ ಐತ್ರಿ. ರೋಡ್ ಕಾಣದ ಬಿಸಿಲು ಎಲ್ಲೈತಿ ಇಲ್ಲಿ?"

ಭಾರತಿ ಯೋಚಿಸಿದಳು. "ಮ್ಯಾಲಿನ ಮಾಳಿಗಿಗೆ ಎದಿಮಟ್ಟ ಗ್ವಾಡಿ ಐತಿ. ಕೀಲಿ ಹಾಕ್ಯಾರ, ವಾಚ್‌ಮನ್ ಹತ್ರ ಐತ್ರಿ."

"ಕೀಲಿ ಇಸಗೊಂಡ್ರ ಆತಲ್ರಿ. ಹಗ್ಗ ನಾ ತರ್ತೀನಿ."

ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಹಗ್ಗ, ಕ್ಲಿಪ್ಪು ಬಂದವು. ನೀರಿನ ಟಾಕಿಯ ಪೈಪಿಗೂ ಗೋಡೆಯ ಕಬ್ಬಿಣಕ್ಕೂ ಶಿವಕುಮಾರಿ ತಗ್ಗಿನಲ್ಲಿ ಹಗ್ಗ ಬಿಗಿದಳು. ಮೊದಲು ಭಾಗ್ಯಶ್ರೀ ಹಾಕಿದಳು. ಹುಡುಗಿಯರು ಒಬ್ಬರನ್ನೊಬ್ಬರು ದೂಡುತ್ತ, ಕಿಸಕ್ಕನೆ ನಗುತ್ತ ಹತ್ತಿ ಬಂದರು. ಕೊನೆಗೆ ಭಾರತಿ ಟೀಚರೂ ಟವೆಲಿನಲ್ಲಿ ಸುತ್ತಿದ ಗಂಟೊಂದು ಹಿಡಿದು ಬಂದಳು. ಯಾರೂ ತಿರುಗಿ ನೋಡಲಿಲ್ಲ. ಏಪ್ರಿಲ್ ಬಿಸಿಲು, ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲವೂ ಹಪ್ಪಳ.

"ನನ್ನ ಸಂಗಾಟ ಬರ್ತೀಯೇನು ಮತ್ತ?" ಎಂದು ಶಿವಕುಮಾರಿ ಬೇಕೆಂದೇ ಕೇಳಿದಳು.

"ಎಲ್ಲಿಗೆ? ನಮ್ಮ ಪಾಳಿ ಬಂತು, ನೀ ನಡಿ" ಎಂದು ಹುಡುಗಿ ಮೆಟ್ಟಿಲು ಹಾರುತ್ತ ಮೈದಾನಕ್ಕೆ ಓಡಿದಳು.

ಬಸ್ಸು ಲಿಂಗಸುಗೂರು ದಾಟುವಾಗ ಸಂಗನಬಸವನ ಫೋನು ಬಂತು. "ಅವ್ವ ಕೇಳಾಕತ್ತಾಳ, ಸಂಜಿಗೆ ತಾಯಿ ಮಗಳು ಇಬ್ಬರಿಗೂ ಅನ್ನ ಇಡಬೇಕೇನು ಅಂತ."

"ನನಗೊಬ್ಬಾಕಿಗೆ ಇಡ್ರಿ ಅಂತ ಹೇಳ್ರಿ" ಎಂದಳು ಶಿವಕುಮಾರಿ.