ಎಲ್ಲೂ ನಿಲ್ಲದೆ ಸಾಗರಕ್ಕೆ ಹೋದ ಬಸ್ಸು

ನಮ್ಮನೆಯವರು ಇಪ್ಪತ್ತೆರಡು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಬೆಳಿಗ್ಗೆ ಎಂಟಕ್ಕೆ ಹೊಸನಗರದಿಂದ ಸಾಗರಕ್ಕೆ, ಅಲ್ಲಿಂದ ವಾಪಸು ಬಂದು ತೀರ್ಥಹಳ್ಳಿಗೆ, ಸಂಜೆ ಮತ್ತೆ ಹೊಸನಗರಕ್ಕೆ. ದಿನಾ ಹತ್ತುವವರೆಲ್ಲ ಇವರಿಗೆ ಪರಿಚಯ. ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಹಸು ಕಳೆದುಹೋಯಿತು ಎಂಬುದೆಲ್ಲ ನನಗೆ ಗೊತ್ತಾಗುತ್ತಿದ್ದುದು ಇವರ ಬಾಯಿಂದಲೇ. ನಾನು ಹೊಸನಗರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು, ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಇವರೇ ಆಡುತ್ತಿದ್ದರು.

ವಯಸ್ಸು ಐವತ್ತಕ್ಕೆ ಬಂದಾಗ ಒಂದು ಆರೋಗ್ಯ ಶಿಬಿರದಲ್ಲಿ ಬಿಪಿ ಜಾಸ್ತಿ ಇದೆ ಎಂದರು. ಎರಡು ತಿಂಗಳು ಮಾತ್ರೆ ನುಂಗಿ ಬಿಟ್ಟರು. "ತಲೆನೋವಿಲ್ಲ, ಎಂತದೂ ಇಲ್ಲ. ಸುಮ್ನೆ ಯಾಕೆ ಮಾತ್ರೆ?" ಎಂದರು. ನನಗೂ ಅದು ಸರಿಯೆಂದೇ ಕಂಡಿತು. ನೋವಿಲ್ಲದವರಿಗೆ ಔಷಧ ಯಾಕೆ ಬೇಕು?

ನವರಾತ್ರಿ ಮುಗಿದ ವಾರ ಅದು. ಬೆಳಿಗ್ಗೆ ಕಡುಬು ತಿಂದು, ಚಟ್ನಿಗೆ ಉಪ್ಪು ಸಾಲದು ಎಂದು ಹೇಳಿ ಹೊರಟರು. ಆಮೇಲೆ ನಡೆದದ್ದನ್ನು ನನಗೆ ಹೇಳಿದ್ದು ಬಸ್ಸಿನ ಡ್ರೈವರ್. ಬಟ್ಟೆಮಲ್ಲಪ್ಪ ಎಂಬ ಊರು ದಾಟಿದ ಸ್ವಲ್ಪ ಹೊತ್ತಿಗೆ ಇವರ ಬಲಗೈಯಿಂದ ಟಿಕೆಟ್ ಮಷೀನು ಜಾರಿ ಬಿತ್ತಂತೆ. ಎಡಗೈಯಲ್ಲಿ ಎತ್ತಿಕೊಂಡು, ಎದುರಿಗಿದ್ದ ಅಜ್ಜಿಯನ್ನು "ಎಲ್ಲಿಗೆ?" ಎಂದು ಕೇಳಹೋದರೆ ಬಾಯಿಂದ ಬಂದದ್ದು ಮಾತೇ ಆಗಿರಲಿಲ್ಲ. ಸೀಟಿನ ಕಂಬಿಗೆ ಒರಗಿ ಹಾಗೇ ಕುಸಿದು ಕೂತುಬಿಟ್ಟರು. ಡ್ರೈವರ್ ಬಸ್ಸು ನಿಲ್ಲಿಸಿದ. ಜನ ಸುತ್ತ ಸೇರಿದರು. ಶುಗರ್ ಇಳಿದಿರಬೇಕು ಎಂದು ಒಬ್ಬರು, ಪಿತ್ತ ಎಂದು ಇನ್ನೊಬ್ಬರು. ಫಿಟ್ಸ್ ಇರಬಹುದೆಂದು ಯಾರೋ ಕೈಗೆ ಬೀಗದ ಕೀ ಹಿಡಿಸಿದರು. ಮತ್ತೊಬ್ಬರು ನೀರಿನ ಬಾಟಲಿ ತೆರೆದು ಬಾಯಿಗೆ ಹಿಡಿಯಲು ಹೋದರು.

"ನೀರು ಕುಡಿಸ್ಬೇಡಿ! ಗಂಟ್ಲಲ್ಲಿ ಸಿಕ್ಕಂಡ್ರೆ ಉಸ್ರು ಕಟ್ತದೆ" ಎಂದು ಹಿಂದಿನಿಂದ ಒಬ್ಬಳು ಬಂದಳು. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ. ಸಾಗರದಲ್ಲಿ ಏನೋ ಮೀಟಿಂಗಿಗೆಂದು ಹೊರಟವಳು. ಇವರ ಮುಂದೆ ಮಂಡಿಯೂರಿ ಕೂತು, "ಅಣ್ಣಾ, ಒಂದ್ಸಲ ನಗಿ ನೋಡಣ" ಎಂದಳಂತೆ. ಇವರು ನಕ್ಕರು. ಮುಖದ ಎಡಗಡೆ ಮಾತ್ರ ನಕ್ಕಿತು. "ಎರಡೂ ಕೈ ಎತ್ತಿ." ಎಡಗೈ ಮೇಲೆ ನಿಂತಿತು, ಬಲಗೈ ಅರ್ಧ ಎತ್ತುವಷ್ಟರಲ್ಲೇ ತೊಡೆಯ ಮೇಲೆ ಬಿತ್ತು. "ನಿಮ್ಮೂರು ಯಾವ್ದು, ಹೇಳಿ." ಬರೀ ಸದ್ದು ಬಂತು.

ಅವಳು ಎದ್ದು ಡ್ರೈವರನ್ನು ಕೇಳಿದಳು. "ಇವ್ರು ಎಷ್ಟೊತ್ತಿನ ತನ್ಕ ಸರಿ ಇದ್ರು?"

"ಬಟ್ಟೆಮಲ್ಲಪ್ಪದಲ್ಲಿ ರೈಟ್ ಅಂದ್ರಲ್ಲ, ಆಗ ಸರಿ ಇದ್ರು. ಎಂಟೂ ಮುಕ್ಕಾಲು ಆಗಿತ್ತು."

ಒಂದು ಹರಿದ ಟಿಕೆಟಿನ ಹಿಂದೆ "೮.೪೫" ಎಂದು ಬರೆದು ಇವರ ಅಂಗಿಯ ಜೇಬಿಗೆ ಹಾಕಿದಳು. "ಇದು ಸ್ಟ್ರೋಕು. ಲಕ್ವ ಅಂತೀವಲ್ಲ, ಅದೇ. ಈಗಷ್ಟೆ ಶುರುವಾಗಿದೆ. ಬೇಗ ಹೋದ್ರೆ ಔಷಧ ಇದೆ" ಎಂದಳು.

ಡ್ರೈವರ್ ನನಗೆ ಫೋನು ಮಾಡಿದ. ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಬೇಕು. ಲಕ್ವ ಎಂಬ ಮಾತು ಕಿವಿಗೆ ಬಿದ್ದೊಡನೆ, "ಮನೆಗೇ ಕರ್ಕಂಡ್ ಬನ್ನಿ, ಎಲ್ಲೂ ಹೋಗೋದ್ ಬ್ಯಾಡ" ಎಂದೆ. ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಅಪ್ಪನಿಗೆ ಹೀಗೇ ಆಗಿತ್ತು. ಬೆಳಿಗ್ಗೆ ಕಾಫಿ ಲೋಟ ಕೈಜಾರಿ ಬಿತ್ತು, ಬಾಯಿ ಸೊಟ್ಟಗಾಯಿತು. ಗಾಳಿ ಸೋಕಿದ್ದು ಎಂದುಕೊಂಡೆವು. ಎಣ್ಣೆ ತಿಕ್ಕಿದೆವು, ಸೊಪ್ಪಿನ ಔಷಧ ಕೊಡಿಸಿದೆವು. ಆಸ್ಪತ್ರೆಗೆ ಹೋದದ್ದು ಮೂರನೆಯ ದಿನ. ಆಮೇಲೆ ಅಪ್ಪ ಐದು ವರ್ಷ ಹಾಸಿಗೆಯಲ್ಲೇ ಇದ್ದರು. ಲಕ್ವವೆಂದರೆ ಎಣ್ಣೆ, ಸೊಪ್ಪು, ಹಾಸಿಗೆ. ನನಗೆ ತಿಳಿದದ್ದು ಅಷ್ಟೇ. ಹಾಸಿಗೆ ನಮ್ಮ ಮನೆಯಲ್ಲೇ ಇರಲಿ ಎಂದು ಮನಸ್ಸು ಬಯಸಿತೋ ಏನೋ.

ಫೋನು ಆ ಗುಲಾಬಿ ಸೀರೆಯ ಹುಡುಗಿಯ ಕೈಗೆ ಹೋಯಿತು. "ಅಕ್ಕಾ, ನಾನು ಆಶಾ. ನಾನ್ ಹೇಳೋದ್ ಕೇಳಿ. ತಲೆಯೊಳಗೆ ರಕ್ತ ಹೋಗೋ ದಾರಿ ಕಟ್ಟಿರಬೌದು. ಅದನ್ನ ಬಿಡಿಸೋ ಇಂಜೆಕ್ಷನ್ ಶಿವಮೊಗ್ಗದಲ್ಲಿ ಇದೆ. ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡ್ಬೇಕು. ಮನೆಗೆ ತಂದ್ರೆ ಹೊತ್ತು ಹೋಗ್ತದೆ."

"ನಮ್ಮಪ್ಪಂಗೆ…" ಎಂದು ಅಳಲು ಶುರುಮಾಡಿದೆ.

"ಆಮೇಲೆ ಅಳಣ ಅಕ್ಕಾ, ಇಬ್ರೂ ಸೇರಿ. ಈಗ ಹ್ಞೂಂ ಅನ್ನಿ."

ಹ್ಞೂಂ ಎಂದೆ.

ಆಂಬುಲೆನ್ಸು ಅಲ್ಲಿಗೆ ಬರುವುದಕ್ಕಿಂತ ಬಸ್ಸೇ ಬೇಗ ತಲುಪುತ್ತದೆ ಎಂದು ಡ್ರೈವರ್ ಲೆಕ್ಕ ಹಾಕಿದ. ಎದ್ದು ನಿಂತು ಜನರಿಗೆ ಹೇಳಿದ. "ಇನ್ನು ಎಲ್ಲೂ ನಿಲ್ಸಲ್ಲ. ಸೀದಾ ಸಾಗರ ಆಸ್ಪತ್ರೆ. ಇಳಿಯೋರು ಇಲ್ಲೇ ಇಳೀರಿ, ಇಲ್ದಿದ್ರೆ ಬೇಜಾರ್ ಮಾಡ್ಕಬೇಡಿ." ಒಬ್ಬರೂ ಇಳಿಯಲಿಲ್ಲವಂತೆ. ನಡುವಿನ ಊರಿನ ಶಾಲೆಗೆ ಹೋಗಬೇಕಿದ್ದ ಮೇಷ್ಟ್ರು, ಮಗನ ಮನೆಗೆ ಹೊರಟಿದ್ದ ಆ ಅಜ್ಜಿ, ಎಲ್ಲರೂ ತಮ್ಮ ತಮ್ಮ ಸ್ಟಾಪು ಕಿಟಕಿಯಲ್ಲಿ ಹಿಂದೆ ಸರಿಯುವುದನ್ನು ನೋಡುತ್ತ ಕೂತರು. ಅಜ್ಜಿ ಇವರ ಬಾಯಿಂದ ಸುರಿಯುತ್ತಿದ್ದ ಜೊಲ್ಲನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು. ಸಾಗರದ ಆಸ್ಪತ್ರೆಯ ಬಾಗಿಲಲ್ಲಿ ಇವರನ್ನು ಇಳಿಸಿಕೊಂಡದ್ದು ಆ ಪ್ರಯಾಣಿಕರೇ. ಹುಡುಗಿ ದಾರಿಯಲ್ಲೇ ಫೋನು ಮಾಡಿದ್ದರಿಂದ ಶಿವಮೊಗ್ಗಕ್ಕೆ ಒಯ್ಯಲು ಆಂಬುಲೆನ್ಸು ಸಿದ್ಧವಿತ್ತು. ಅವಳು ಮೀಟಿಂಗು ಬಿಟ್ಟು ಜೊತೆಗೇ ಹತ್ತಿದಳು.

ನಾನು ಶಿವಮೊಗ್ಗ ತಲುಪುವ ಹೊತ್ತಿಗೆ ಸ್ಕ್ಯಾನ್ ಮುಗಿದಿತ್ತು. "ಎಷ್ಟು ಗಂಟೆಗೆ ಶುರುವಾಯ್ತು ಅಂತ ಬರೆದೇ ಕಳ್ಸಿದ್ರಲ್ಲ, ಒಳ್ಳೇದಾಯ್ತು" ಎಂದು ಡಾಕ್ಟರು ಆ ಟಿಕೆಟನ್ನು ನನ್ನ ಕೈಗಿಟ್ಟರು. ಇಂಜೆಕ್ಷನ್ ಆಗಲೇ ಹೋಗುತ್ತಿತ್ತು. ಹುಡುಗಿ ಗೋಡೆಗೊರಗಿ ನಿಂತಿದ್ದಳು. ನನ್ನನ್ನು ಕಂಡವಳೇ ಅತ್ತುಬಿಟ್ಟಳು. "ಹೋದ್ ತಿಂಗ್ಳು ಟ್ರೇನಿಂಗಲ್ಲಿ ಚಿತ್ರ ತೋರ್ಸಿ ಹೇಳ್ಕೊಟ್ಟಿದ್ರು ಅಕ್ಕಾ. ನಂಗೂ ಗ್ಯಾರಂಟಿ ಇರ್ಲಿಲ್ಲ. ಸುಳ್ಳಾದ್ರೆ ಜನ ಬೈತಾರೆ, ಬೈಲಿ ಅಂದ್ಕಂಡೆ." ಫೋನಿನಲ್ಲಿ ಹೇಳಿದಂತೆಯೇ ಇಬ್ಬರೂ ಸೇರಿ ಅತ್ತೆವು.

ಇವರು ಎರಡು ವಾರಕ್ಕೆ ನಡೆದರು. ಬಲಗೈಗೆ ಅನ್ನ ಕಲಸುವಷ್ಟು ಶಕ್ತಿ ಬಂತು. ಮಾತು ಮಾತ್ರ ಬರಲಿಲ್ಲ. ಉಳಿದದ್ದು ಒಂದೇ ಪದ, "ಅದೇ". ನೀರು ಬೇಕಿದ್ದರೂ ಅದೇ, ಸಿಟ್ಟು ಬಂದರೂ ಅದೇ. ನೋಡಲು ಬಂದವರು ಇವರಿಗೆ ಬುದ್ಧಿಯೇ ಹೋಗಿದೆ ಎಂಬಂತೆ ಇವರ ಎದುರಿಗೇ ನನ್ನನ್ನು ವಿಚಾರಿಸುತ್ತಿದ್ದರು. ಎಣ್ಣೆಯ ಸೀಸೆಗಳೂ ಬಂದವು. ಬೇಡವೆನ್ನಲು ಮನಸ್ಸಾಗದೆ ಅಟ್ಟದ ಮೇಲಿಟ್ಟೆ.

ಬಾಯಿಪಾಠವಾಗಿದ್ದನ್ನು ದಿನಾ ಹೇಳಿಸಿ ಎಂದು ಆಸ್ಪತ್ರೆಯಲ್ಲಿ ಮಾತು ಕಲಿಸುವವರು ಹೇಳಿದ್ದರು. ವಾರಗಳ ಹೆಸರು, ಎಣಿಕೆ, ಬಸ್ಸಿನ ಸ್ಟಾಪುಗಳು. ಅಂಗಡಿಯಲ್ಲಿ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಷೀನು ತುಳಿಯುತ್ತ ನಾನೇ ಕಂಡಕ್ಟರಾಗಿ ಸ್ಟಾಪುಗಳನ್ನು ಕೂಗುತ್ತಿದ್ದೆ. ಒಂದು ಮಧ್ಯಾಹ್ನ ರವಿಕೆಯ ತೋಳಿನ ಮೇಲೆ ಗಮನವಿದ್ದುದರಿಂದ "ಹೊಸನಗರ… ಆನಂದಪುರ… ಸಾಗರ" ಎಂದುಬಿಟ್ಟೆ. ಇವರು ಟೇಬಲ್ಲು ಗುದ್ದಿದರು. "ಬಟ್ಟೆಮಲ್ಲಪ್ಪ!" ಅಳತೆ ಕೊಡಲು ಬಂದಿದ್ದವಳು ಬೆಚ್ಚಿದಳು. ನಾನು ಮಷೀನು ನಿಲ್ಲಿಸಿ, "ತಪ್ಪಾಯ್ತು ಕಂಡಕ್ಟ್ರೇ" ಎಂದೆ. ಇವರು ನಕ್ಕರು. ಮುಖದ ಎರಡೂ ಕಡೆ ನಕ್ಕಿತು.

ಅಂದಿನಿಂದ ಮಾತು ಒಂದೊಂದಾಗಿ ಬರತೊಡಗಿತು. ಕಂಡಕ್ಟರ್ ಕೆಲಸಕ್ಕೆ ಮತ್ತೆ ಹೋಗಲಾಗಲಿಲ್ಲ. ಈಗ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾರೆ, ಬೆಳಿಗ್ಗೆ ತಪ್ಪದೆ ಬಿಪಿ ಮಾತ್ರೆ ನುಂಗುತ್ತಾರೆ. ರವಿಕೆ ಹೊಲಿಸಲು ಬಂದವರಿಗೆಲ್ಲ ನಾನು ಕೈ ಎತ್ತಿಸಿ, ನಗಿಸಿ ಲಕ್ವದ ಗುರುತು ಹೇಳುತ್ತೇನೆ. ಮಾತು ಕಡಿಮೆ ಇದ್ದವಳು ಹೀಗಾಗಿದ್ದೇನೆ.

ಮೊನ್ನೆ ಆ ಹುಡುಗಿ ವರದಮೂಲದ ಹತ್ತಿರದ ಒಂದು ಮಹಿಳಾ ಸಂಘಕ್ಕೆ ನಮ್ಮಿಬ್ಬರನ್ನೂ ಕರೆದಳು. ಅವಳು ಎಲ್ಲ ಹೇಳಿ ಮುಗಿಸಿದ ಮೇಲೆ ಒಬ್ಬ ಹೆಂಗಸು ಇವರನ್ನೇ ಕೇಳಿದಳು. "ಆವಾಗ ನಿಮಗೆ ಎಂತ ಅನ್ನಿಸ್ತಿತ್ತು ಅಣ್ಣಾ?"

ಇವರು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದರು. ನನ್ನ ನಾಲಿಗೆಯ ತುದಿಗೆ ಹತ್ತು ಮಾತು ಬಂದಿತ್ತು. ಹುಡುಗಿ ನನ್ನ ಕೈ ಒತ್ತಿ ಹಿಡಿದಳು.

"ಎಲ್ಲಾ… ಕೇಳ್ತಿತ್ತು" ಎಂದರು. "ಹೇಳೋಕೆ… ಆಗ್ತಿರ್ಲಿಲ್ಲ." ತಡೆದು, "ನಾನು… ಕುಡ್ದಿರ್ಲಿಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ. ಹುಡುಗಿ ತಲೆ ತಗ್ಗಿಸಿ ನನ್ನ ಕಿವಿಯಲ್ಲಿ ಹೇಳಿದಳು. ಅಂದು ಇವರ ನಾಲಿಗೆ ತೊದಲಿದಾಗ ಹಿಂದಿನ ಸೀಟಿನಿಂದ ಒಬ್ಬ, ಬೆಳಿಗ್ಗೇನೇ ಹಾಕ್ಕಂಡ್ ಬಂದಿದಾರೆ ಎಂದು ನಕ್ಕಿದ್ದನಂತೆ. ನನಗೆ ನೋವಾಗಬಾರದೆಂದು ಅವಳೂ ಡ್ರೈವರನೂ ಅದನ್ನು ಹೇಳಿರಲಿಲ್ಲ. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ, ಒಂದೂವರೆ ವರ್ಷ ಆ ಮಾತನ್ನು ಒಳಗೇ ಇಟ್ಟುಕೊಂಡಿದ್ದರು.

ಯಾರೂ ನಗಲಿಲ್ಲ. ಕೇಳಿದ ಹೆಂಗಸು, "ನಮಗೆ ಗೊತ್ತಾಯ್ತು ಅಣ್ಣಾ" ಎಂದಳು.

ವಾಪಸು ಬರಲು ರಸ್ತೆಬದಿಯಲ್ಲಿ ಕಾಯುತ್ತಿದ್ದಾಗ ಕೇಳಿದೆ. "ನಂಗ್ಯಾಕೆ ಹೇಳಿರ್ಲಿಲ್ಲ?"

ಬಹಳ ಹೊತ್ತು ಮಾತು ಹುಡುಕಿದರು. ನಾನು ಕಾದೆ.

"ನೀನು… ಅಳ್ತಿದ್ದೆ" ಎಂದರು.

ನಾನು ಅಳಲಿಲ್ಲ. ಇವರ ಬಲಗೈಯನ್ನು ನನ್ನ ಎರಡೂ ಕೈಯೊಳಗೆ ಹಿಡಿದು ನಿಂತೆ. ಆ ಕೈ, ಮೆಲ್ಲಗೆ, ತಿರುಗಿ ಹಿಡಿಯಿತು.