ಕೇಳದೆ ಹೆಜ್ಜೆ ಇಡದ ಸಿದ್ಧಲಿಂಗೇಶ

ಒಟ್ಟಿಗೆ ಎಷ್ಟು ಫೈಲು ತೆರೆಯಬಹುದೆಂದು ಮುತ್ತಣ್ಣ ತಾನೇ ಅಂದಾಜಿಸಿ ಬರೆದಿದ್ದ ಸಿ ಭಾಷೆಯ ಪ್ರೋಗ್ರಾಮು, ಅಷ್ಟು ಫೈಲಿಗೆ ಅವಕಾಶವಿಲ್ಲದ ಗ್ರಾಹಕರ ಕಂಪ್ಯೂಟರಿನಲ್ಲಿ, ಅವರ ಕಣ್ಣೆದುರೇ ಮುಗ್ಗರಿಸಿ ಬಿತ್ತು. "ಸಿಸ್ಟಮ್ಮನ್ನೇ ಕೇಳ್ಬೇಕಿತ್ತು ಗುರು," ಎಂದ ಪಕ್ಕದ ಕುರ್ಚಿಯ ಸಹೋದ್ಯೋಗಿ ಸಿದ್ಧಲಿಂಗೇಶ. ಅವನ ಪ್ರೋಗ್ರಾಮುಗಳು ಶುರುವಾಗುವಾಗಲೆಲ್ಲ ಸಿಸ್ಟಮ್ಮಿನ ಮಿತಿಗಳನ್ನು ಹೊಸದಾಗಿ ಕೇಳಿಕೊಂಡೇ ಮುಂದಿನ ಕೆಲಸಕ್ಕೆ ಕೈಹಾಕುತ್ತವೆ. ಅವನೂ ಅಷ್ಟೇ, ಮಾರತ್ತಹಳ್ಳಿಯ ಆಫೀಸಿನಲ್ಲಿ ತನ್ನದೇ ಕುರ್ಚಿಯಲ್ಲಿ ಕೂರುವ ಮುನ್ನ "ಖಾಲಿ ಇದೆಯಾ?" ಎಂದು ವಿಚಾರಿಸುವ ಆಸಾಮಿ. ಒಂದು ಬೆಳಿಗ್ಗೆ ಅವನನ್ನು ಕರೆದೊಯ್ಯಲು ಮುತ್ತಣ್ಣ ಬಾಣಸವಾಡಿಯ ಮನೆಗೆ ಹೋದಾಗ, ಲಕ್ವಾ ಹೊಡೆದು ಮತ್ತೆ ನಡೆಯಲು ಕಲಿಯುತ್ತಿದ್ದ ತಾಯಿಯ ಕೈಹಿಡಿದು ಸಿದ್ಧಲಿಂಗೇಶ ಕೇಳುತ್ತಿದ್ದ: "ಅವ್ವಾ, ಇವತ್ತ ಎಲ್ಲಿತನಕ ನಡೀತಿ?" ಆಕೆ ಗೇಟು ಅಂದರೆ ಗೇಟು, ಮಂಚದ ತುದಿ ಅಂದರೆ ಮಂಚದ ತುದಿ, ಅದಕ್ಕಿಂತ ಒಂದು ಹೆಜ್ಜೆ ಹೆಚ್ಚು ಎಳೆಯುವವನಲ್ಲ. "ನಿನ್ನೆ ಗೇಟಿನ ತನಕ ಬಂದಿದ್ರು ಅಂದ್ಯಲ್ಲೋ, ಮತ್ಯಾಕೆ ಕೇಳ್ತೀಯ?" ಎಂದ ಮುತ್ತಣ್ಣ. "ಅವು ನಿನ್ನೆಯ ಕಾಲು, ಗುರು. ಇವತ್ತಿನವನ್ನ ಇನ್ನೂ ಕೇಳಿರ್ಲಿಲ್ಲ."